ಮದುವೆಗೆ ಸಾಕ್ಷಿ ಯಾರು?

ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪ, ತಾಳಗುಂದ ಎಂಬ ಊರಿದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಕಲ್ಲುಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಅಂದರೆ 5ನೆಯ ಶತಮಾನದ ಶಾಸನವೊಂದಿದೆ. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ಕಲ್ಲಿನ ಮೇಲೆ ತಾನೇ ಬರೆದದ್ದು. ಮಯೂರಶರ್ಮ ಓದಲೆಂದು ಕಂಚಿಗೆ ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕಥೆ ನಮಗೆ ತಿಳಿದಿರುವುದು ಈ ಕಂಬದಿಂದಲೇ. ಶಾಲೆಯ ಪಾಠದಲ್ಲಿ ಅಷ್ಟಾಗಿ ಬಾರದ ಇನ್ನೊಂದು ಸಂಗತಿಯೂ ಅದರಲ್ಲಿದೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ದೂರದ ರಾಜಮನೆತನಗಳಿಗೆ ಮದುವೆ ಮಾಡಿಕೊಟ್ಟನಂತೆ. ಸೂರ್ಯನ ಕಿರಣ ತಾಕಿ ತಾವರೆ ಅರಳುವಂತೆ ಆ ಹುಡುಗಿಯರಿಂದ ಆ ಮನೆತನಗಳು ಅರಳಿದವೆಂದು ಕವಿ ಹೊಗಳಿದ್ದಾನೆ.

ಹೊಗಳಿಕೆ ಚೆನ್ನಾಗಿದೆ. ಆದರೆ ಆ ಹುಡುಗಿಯರ ಹೆಸರು ಮಾತ್ರ ಕಂಬದ ಮೇಲೆಲ್ಲೂ ಇಲ್ಲ. ತಂದೆಯ ಹೆಸರಿದೆ, ಸೇರಿದ ಮನೆತನದ ಹೆಸರಿದೆ, ಅಷ್ಟೇ. ಒಬ್ಬಳ ಹೆಸರು ನಮಗೆ ತಿಳಿದದ್ದು ಗಂಡನ ಮನೆಯ ದಾಖಲೆಯಿಂದ. ಮಧ್ಯಪ್ರದೇಶದ ಬಾಲಾಘಾಟ್‌ನಲ್ಲಿ ಸಿಕ್ಕ ವಾಕಾಟಕರ ತಾಮ್ರಪಟದಲ್ಲಿ ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆ ಕುಂತಲದ ಅರಸನ ಮಗಳೆಂದು ಹೇಳಿದೆ. ಈಕೆ ಕಾಕುಸ್ಥವರ್ಮನ ಮಗಳೇ ಇರಬೇಕೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ತವರಿನ ಕಲ್ಲು ಹೇಳದ ಹೆಸರನ್ನು ಮಗನ ಕಾಲದ ತಾಮ್ರ ಹೇಳಿತು.

ಬನವಾಸಿಯ ಸೀಮೆಯಿಂದ ಹೊರಟ ಆ ದಿಬ್ಬಣಗಳನ್ನು ಗಡಿಯಲ್ಲಿ ತಡೆದು, ‘ಇವಳು ನಿಜಕ್ಕೂ ಅವನ ಹೆಂಡತಿಯೇ? ಏನು ದಾಖಲೆ?’ ಎಂದು ಯಾರೂ ಕೇಳಿರಲಾರರು. ಇಂದು ಅದೇ ಸೀಮೆಯಿಂದ, ಅಂದರೆ ಶಿಕಾರಿಪುರ–ಸೊರಬದ ಕಡೆಯಿಂದ, ಮೆಲ್ಬರ್ನ್‌ಗೋ ಲಂಡನ್ನಿಗೋ ದುಬೈಗೋ ಗಂಡನ ಜೊತೆ ಹೊರಡುವ ಹೆಣ್ಣುಮಗಳಿಗೆ, ಈಗೀಗ ಹೆಂಡತಿಯ ಜೊತೆ ಹೊರಡುವ ಗಂಡನಿಗೂ, ಎದುರಾಗುವ ಮೊದಲ ಪ್ರಶ್ನೆಯೇ ಅದು. ಸಂಗಾತಿ ವೀಸಾ ಎಂಬ ಕಾಗದದ ಜೀವವಿರುವುದು ಆ ಒಂದು ಪ್ರಶ್ನೆಯಲ್ಲಿ. ಮದುವೆ ಆಯಿತೆಂದು ಹೇಳುವವರು ಯಾರು?

ಸೊರಬದ ಹಳ್ಳಿಯಲ್ಲಿ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಊರೇ ಹೇಳುತ್ತದೆ. ಸೊರಬ, ಸಾಗರ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಒಂದಕ್ಕೊಂದು ಹೆಣೆದುಕೊಂಡ ನೇರ ಗೆರೆಗಳು. ವಧೂವರರು ಕೂರುವುದು ಆ ಚಿತ್ತಾರದ ಮುಂದೆ. ಗುಡಿಗಾರರು ಬೆಂಡಿನಲ್ಲಿ ಮಾಡಿಕೊಡುವ ಬಾಸಿಂಗ, ಹಣೆಗೆ ಕಟ್ಟಿದ ಮೇಲೆ ಇಡೀ ಊರಿಗೆ ಸಾಕ್ಷಿ. ಧಾರೆಯ ನೀರು ಬಿಟ್ಟವರು, ಅಕ್ಷತೆ ಹಾಕಿದವರು, ಊಟ ಬಡಿಸಿದವರು, ಊಟ ಸರಿಯಿರಲಿಲ್ಲವೆಂದು ಮುನಿಸಿಕೊಂಡು ಹೋದವರು ಎಲ್ಲರೂ ಸಾಕ್ಷಿಗಳೇ. ಇಷ್ಟು ಸಾಕ್ಷಿಯಿರುವಾಗ ಕಾಗದ ಯಾಕೆ ಎಂದು ನಮ್ಮ ಅಜ್ಜ–ಅಜ್ಜಿಯರಿಗೆ ಅನಿಸಿದ್ದರೆ ಅದು ಅಜ್ಞಾನವಲ್ಲ. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಅಗತ್ಯ ಹುಟ್ಟಿದ್ದು ಸಮುದ್ರದಾಚೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಪಾಸ್‌ಪೋರ್ಟ್ ಎಂಬುದೇ ಎಲ್ಲ ಪ್ರಯಾಣಿಕರ ಬಳಿ ಇರಬೇಕಾದ ವಸ್ತುವಾಗಿರಲಿಲ್ಲ. ಆದರೆ ಬ್ರಿಟಿಷ್ ಸಾಮ್ರಾಜ್ಯದ ಬಿಳಿಯರ ವಸಾಹತುಗಳು ಅಷ್ಟರಲ್ಲೇ ಭಾರತೀಯರನ್ನು ದೂರ ಇಡುವ ಉಪಾಯಗಳನ್ನು ಕಂಡುಕೊಂಡಿದ್ದವು. ದುಡಿಯುವ ಗಂಡಸರನ್ನು ಪೂರಾ ತಡೆಯುವುದು ಕಷ್ಟ, ಅವರಿಂದ ಕೆಲಸ ಆಗಬೇಕು. ಹೆಂಡತಿಯರನ್ನು ತಡೆದರೆ ಗಂಡಸರು ಅಲ್ಲಿ ಬೇರು ಬಿಡುವುದಿಲ್ಲ, ದುಡಿದು ಮರಳುತ್ತಾರೆ ಎಂಬ ಲೆಕ್ಕ. ಕೆನಡಾ 1908ರಲ್ಲಿ ಒಂದು ನಿಯಮ ತಂದಿತು. ತಾಯ್ನಾಡಿನಿಂದ ಎಲ್ಲೂ ನಿಲ್ಲದೆ ನೇರ ಪ್ರಯಾಣದಲ್ಲಿ ಬಂದವರಿಗಷ್ಟೇ ಪ್ರವೇಶ. ಭಾರತದಿಂದ ಅಂಥ ಹಡಗು ಸೌಕರ್ಯವೇ ಇರಲಿಲ್ಲ. ಹೆಸರಿಗೆ ಭಾರತೀಯರ ಸುದ್ದಿಯೇ ಇಲ್ಲದ ನಿಯಮ, ಬಾಗಿಲು ಮುಚ್ಚಿದ್ದು ಮಾತ್ರ ನಮಗೆ. ಅಲ್ಲಿ ನೆಲೆಸಿದ್ದ ಪಂಜಾಬಿಗಳ ಹೆಂಡತಿಯರು ವರ್ಷಗಟ್ಟಲೆ ಊರಿನಲ್ಲೇ ಉಳಿದರು.

ದಕ್ಷಿಣ ಆಫ್ರಿಕದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಸನ್ ಈಸೂಪ್ ಎಂಬವರ ಹೆಂಡತಿ ಬಾಯಿ ಮರಿಯಂ ಗಂಡನನ್ನು ಸೇರಲು ಕೇಪ್‌ಟೌನಿಗೆ ಬಂದಾಗ ಅಧಿಕಾರಿಗಳು ಇಳಿಯಲು ಬಿಡಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಲ್ಲಿ ನಡೆದ ಮದುವೆಗೆ ಆ ದೇಶದ ಕಾನೂನಿನ ಮಾನ್ಯತೆ ಇಲ್ಲ. ಅಂದರೆ ಹಿಂದೂ, ಮುಸ್ಲಿಂ, ಪಾರ್ಸಿ ಪದ್ಧತಿಯಲ್ಲಿ ಮದುವೆಯಾದ ಅಲ್ಲಿನ ಬಹುಪಾಲು ಭಾರತೀಯ ಹೆಂಗಸರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿನಲ್ಲಿ ಹೆಂಡತಿಯರಲ್ಲದವರಾದರು. ಗಾಂಧೀಜಿ ಈ ಮಾತನ್ನು ಮನೆಯೊಳಗೇ ತಂದು, ಕಾನೂನಿನ ಪ್ರಕಾರ ನೀನು ಇನ್ನು ನನ್ನ ಹೆಂಡತಿಯಲ್ಲ ಎಂದು ಕಸ್ತೂರಬಾ ಅವರಿಗೆ ವಿವರಿಸಿದರು. ಆವರೆಗೆ ಗಂಡಸರದಾಗಿದ್ದ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು ಆಗ. ಕಸ್ತೂರಬಾ ಇದ್ದ ತಂಡ ಆ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟು ಟ್ರಾನ್ಸ್‌ವಾಲ್ ಗಡಿ ದಾಟಿ ಬಂಧನಕ್ಕೊಳಗಾಯಿತು. ಅವರಿಗೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಜೈಲಿನಿಂದ ಕಾಯಿಲೆ ಹಚ್ಚಿಕೊಂಡು ಬಂದ ಹದಿಹರೆಯದ ವಳ್ಳಿಯಮ್ಮ 1914ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅದೇ ವರ್ಷದ ಭಾರತೀಯರ ಪರಿಹಾರ ಕಾಯ್ದೆ ನಮ್ಮ ಮದುವೆಗಳಿಗೆ ಮಾನ್ಯತೆ ನೀಡಿತು, ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ ಎಂಬ ಷರತ್ತಿನ ಮೇಲೆ.

ಸತ್ಯಾಗ್ರಹದ ಇತಿಹಾಸದಲ್ಲಿ ಮೂರು ಪೌಂಡಿನ ತಲೆಗಂದಾಯದ ಬಗ್ಗೆ ಓದುವಷ್ಟು ನಾವು ಈ ಮದುವೆಯ ಪ್ರಶ್ನೆಯ ಬಗ್ಗೆ ಓದುವುದಿಲ್ಲ. ನನ್ನ ಮಟ್ಟಿಗೆ, ಇಂದು ವೀಸಾ ಕಚೇರಿಯ ಸರದಿಯಲ್ಲಿ ಲಗ್ನಪತ್ರಿಕೆ ಹಿಡಿದು ನಿಲ್ಲುವ ಪ್ರತಿ ದಂಪತಿಯೂ ಆ ತೀರ್ಪಿನ ವಾರಸುದಾರರು.

ಕಾಗದ ಕಡ್ಡಾಯವಾದದ್ದು 1918ರಲ್ಲಿ. ಆ ವರ್ಷ ಲಂಡನ್ನಿನಲ್ಲಿ ಸೇರಿದ ಸಾಮ್ರಾಜ್ಯ ಯುದ್ಧ ಸಮ್ಮೇಳನ ಒಂದು ಗೊತ್ತುವಳಿ ಮಾಡಿತು. ವಸಾಹತುಗಳಲ್ಲಿ ಕಾಯಂ ನೆಲೆಸಿರುವ ಭಾರತೀಯರು ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೆ ಹೆಂಡತಿ ಒಬ್ಬಳೇ ಇರಬೇಕು, ಅವಳು ಅವನ ನ್ಯಾಯಬದ್ಧ ಹೆಂಡತಿ ಎಂದು ಭಾರತ ಸರ್ಕಾರ ದೃಢೀಕರಿಸಬೇಕು. ಕೆನಡಾ ಮರುವರ್ಷ ಇದನ್ನು ಒಪ್ಪಿತು. ನಮ್ಮ ಹಳ್ಳಿಯ ಮದುವೆಗಳಲ್ಲಿ ಸರ್ಕಾರಕ್ಕೆ ಆವರೆಗೆ ಯಾವ ಪಾತ್ರವೂ ಇರಲಿಲ್ಲ. ಪುರೋಹಿತ, ಖಾಜಿ, ಅಯ್ಯನವರು, ಕುಲದ ಹಿರಿಯರು ಇದ್ದರು, ಅಮಲ್ದಾರ ಇರಲಿಲ್ಲ. ಈಗ ಹೊರದೇಶದ ಅಧಿಕಾರಿ, ‘ನಿಮ್ಮ ಊರು ನನಗೆ ಗೊತ್ತಿಲ್ಲ, ನಿಮ್ಮ ಸರ್ಕಾರ ಗೊತ್ತು, ಅದು ಹೇಳಲಿ’ ಎಂದ. ಇಂದಿನ ಅಪಾಸ್ಟಿಲ್ ಮುದ್ರೆಯ ತನಕ ಈ ತರ್ಕ ಒಂದಿಷ್ಟೂ ಬದಲಾಗಿಲ್ಲ.

ಅಮೆರಿಕದ ಕಥೆಯನ್ನು ಬೇಗ ಹೇಳಿಬಿಡಬಹುದು. 1917ರ ಕಾನೂನು ಭಾರತೀಯರ ವಲಸೆಗೆ ಬಾಗಿಲು ಹಾಕಿತು. ಹೆಂಡತಿಯನ್ನು ಕರೆಸಿಕೊಳ್ಳಲಾಗದ ಎಷ್ಟೋ ಪಂಜಾಬಿ ರೈತರು ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೊ ಮೂಲದ ಹೆಂಗಸರನ್ನು ಮದುವೆಯಾದರು. 1946ರಲ್ಲಿ ಬಾಗಿಲು ತೆರೆದದ್ದು ವರ್ಷಕ್ಕೆ ನೂರು ಜನರಿಗೆ. 1965ರ ಕಾನೂನು ಬಂದ ಮೇಲೆಯೇ ಕನ್ನಡಿಗ ಡಾಕ್ಟರು, ಎಂಜಿನಿಯರುಗಳು ಸಂಸಾರ ಸಮೇತ ಅಲ್ಲಿಗೆ ಹೋಗಿ ಕನ್ನಡ ಕೂಟ ಕಟ್ಟುವಷ್ಟು ಸಂಖ್ಯೆಯಾದದ್ದು.

ಬ್ರಿಟನ್ನಿನ ಕಥೆ ಹಾಗಲ್ಲ, ಅಲ್ಲಿ ಬಾಗಿಲು ಹಂತಹಂತವಾಗಿ ಮುಚ್ಚುತ್ತ ಬಂತು. 1962ರ ತನಕ ಕಾಮನ್‌ವೆಲ್ತ್ ಪ್ರಜೆಗಳು ಅಲ್ಲಿಗೆ ಹೋಗಲು ಅಡ್ಡಿ ಇರಲಿಲ್ಲ. ಆಮೇಲೆ ಕೆಲಸಕ್ಕೆ ಹೋಗುವವರ ಮೇಲೆ ನಿರ್ಬಂಧ ಬಂತು. ಹೆಂಡತಿ–ಮಕ್ಕಳಿಗೆ ಅವಕಾಶ ಉಳಿಯಿತಾದರೂ 1969ರಿಂದ ಅವರೂ ಹೊರಡುವ ಮೊದಲೇ ಇಲ್ಲಿ ಪ್ರವೇಶ ಪತ್ರ ಪಡೆಯಬೇಕಾಯಿತು. ಮದುವೆಯಾಗಲು ಬರುವ ಹುಡುಗಿಗೆ ಮಾತ್ರ ಆ ಪತ್ರ ಬೇಕಿರಲಿಲ್ಲ, ಬಂದು ಮೂರು ತಿಂಗಳೊಳಗೆ ಮದುವೆಯಾದರೆ ಸಾಕಿತ್ತು. 1979ರ ಜನವರಿಯಲ್ಲಿ ಹೀಗೆ ಹೀಥ್ರೂ ನಿಲ್ದಾಣಕ್ಕೆ ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರ ಮೇಲೆ ಅಧಿಕಾರಿಗಳಿಗೆ ಅನುಮಾನ ಬಂತು. ಈಕೆಗೆ ಆಗಲೇ ಮದುವೆಯಾಗಿದೆ, ಕನ್ಯೆಯೆಂದು ಹೇಳಿಕೊಂಡು ನುಸುಳುತ್ತಿದ್ದಾರೆ ಎಂದು. ಪರೀಕ್ಷೆಗೆ ಅವರು ಕರೆದದ್ದು ವೈದ್ಯರನ್ನು. ಕನ್ಯತ್ವ ಪರೀಕ್ಷೆ! ಫೆಬ್ರುವರಿ 1ರಂದು ‘ಗಾರ್ಡಿಯನ್’ ಪತ್ರಿಕೆ ಸುದ್ದಿ ಪ್ರಕಟಿಸಿದಾಗ ಎರಡೂ ದೇಶಗಳಲ್ಲಿ ಗದ್ದಲವಾಯಿತು, ಭಾರತ ಪ್ರತಿಭಟಿಸಿತು, ಬ್ರಿಟನ್ನಿನ ಗೃಹ ಸಚಿವರು ಅಂಥ ಪರೀಕ್ಷೆ ನಿಲ್ಲಿಸಲು ಆದೇಶಿಸಿದರು. ಇದು ಒಂದು ನಿಲ್ದಾಣದ ಒಂದು ದಿನದ ಪ್ರಮಾದವಾಗಿರಲಿಲ್ಲ. ಭಾರತದಲ್ಲಿದ್ದ ಬ್ರಿಟಿಷ್ ಕಚೇರಿಗಳಲ್ಲೂ ಇಂಥ ಪರೀಕ್ಷೆ ನಡೆದಿತ್ತೆಂದು ಹಳೆಯ ಸರ್ಕಾರಿ ಕಡತಗಳನ್ನು ತೆರೆದು ನೋಡಿದ ಸಂಶೋಧಕರು 2011ರಲ್ಲಿ ಬಹಿರಂಗಪಡಿಸಿದರು. ಮದುವೆಗೆ ಸಾಕ್ಷಿ ಬೇಕೆಂಬ ಹಠ ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಹೇಸಿಗೆಯ ಉದಾಹರಣೆ ಬೇಕಾಗಿಲ್ಲ.

ಆಮೇಲೆ ಬಂದದ್ದು ‘ಮುಖ್ಯ ಉದ್ದೇಶ’ದ ನಿಯಮ. ಬ್ರಿಟನ್ನಿನಲ್ಲಿ ನೆಲೆಸುವುದೇ ಮದುವೆಯ ಮುಖ್ಯ ಉದ್ದೇಶವಲ್ಲ ಎಂದು ಅರ್ಜಿದಾರನೇ ಸಾಬೀತು ಮಾಡಬೇಕು. ಇಲ್ಲದ ಉದ್ದೇಶವನ್ನು ಇಲ್ಲವೆಂದು ತೋರಿಸುವುದು ಹೇಗೆ? ಹಿರಿಯರು ನಿಶ್ಚಯಿಸಿದ ಮದುವೆಗಳಿಗೆ ಇದರಿಂದ ಹೆಚ್ಚು ಪೆಟ್ಟು ಬಿತ್ತು. ‘ಎಷ್ಟು ದಿನದಿಂದ ಪರಿಚಯ?’ ಎಂದು ಕೇಳಿದರೆ ‘ಹೆಣ್ಣು ನೋಡುವ ಶಾಸ್ತ್ರದ ದಿನ’ ಎಂದು ಹೇಳುವವರಲ್ಲಿ ಪ್ರೇಮಪತ್ರಗಳ ಕಟ್ಟು ಎಲ್ಲಿಂದ ಬರಬೇಕು? ಆ ನಿಯಮ ಮೊದಲು ಹೊರಗಿನಿಂದ ಬರುವ ಗಂಡಂದಿರಿಗೆ ಮಾತ್ರ ಇತ್ತು. ಹೆಂಡತಿಯರನ್ನು ಬಿಟ್ಟುಕೊಂಡು ಗಂಡಂದಿರನ್ನು ತಡೆಯುವುದು ತಾರತಮ್ಯ ಎಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಾಗ ಸರ್ಕಾರ ತಾರತಮ್ಯವನ್ನು ನಿವಾರಿಸಿತು. ಹೇಗೆಂದರೆ, ಹೆಂಡತಿಯರಿಗೂ ಅದೇ ಕಷ್ಟ ಕೊಟ್ಟು! ನಿಯಮ ರದ್ದಾದದ್ದು 1997ರ ಜೂನ್‌ನಲ್ಲಿ.

ಇತ್ತ ನಮ್ಮ ಕಡೆ ಕಾಗದ ಹುಟ್ಟಿದ್ದು ಯಾವಾಗ ಎಂದು ನೋಡಬೇಕು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ ಅವಕಾಶವಿತ್ತು, ಒತ್ತಾಯವಿರಲಿಲ್ಲ. ಎಲ್ಲ ಮದುವೆಗಳ ನೋಂದಣಿಗೆಂದು ಕರ್ನಾಟಕ ಕಾಯ್ದೆ ರೂಪಿಸಿದ್ದು 1976ರಲ್ಲಿ. ಹೆಸರಿನಲ್ಲಿ ಆ ಇಸವಿ ಇದ್ದರೂ ಅದು ಕಾನೂನು ಪುಸ್ತಕ ಸೇರಿದ್ದು 1984ರ ಎರಡನೆಯ ಕಾಯ್ದೆಯಾಗಿ. ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಲೇಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು 2006ರ ಫೆಬ್ರುವರಿ 14ರಂದು. ಪ್ರೇಮಿಗಳ ದಿನವನ್ನು ನೋಡಿಯೇ ಆರಿಸಿದ್ದಲ್ಲವಷ್ಟೆ! 2024ರಲ್ಲಿ ಕರ್ನಾಟಕದಲ್ಲಿ ಹಿಂದೂ ವಿವಾಹ ನೋಂದಣಿಗೆ ಮನೆಯಿಂದಲೇ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯೂ ಬಂತು. ಇಷ್ಟಾದರೂ ನಮ್ಮಲ್ಲಿ ಬಹಳ ಜನ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದು ಬೇರೆ ಯಾವುದೋ ಕಾಗದಕ್ಕೆ ಈ ಕಾಗದ ಬೇಕಾದಾಗ. ಆ ‘ಬೇರೆ ಕಾಗದ’ ಎಷ್ಟೋ ಸಲ ವೀಸಾ.

ಕಚೇರಿಯಲ್ಲಿ ಕೇಳುವುದು ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸು–ವಿಳಾಸದ ದಾಖಲೆ, ಮೂವರು ಸಾಕ್ಷಿಗಳು. ಕಷ್ಟ ಬರುವುದು ಹೆಸರಿನಲ್ಲಿ. ಶಾಲೆಯ ಅಂಕಪಟ್ಟಿಯಲ್ಲಿ ‘ಕೆ. ಶಾಂತಾ’, ಆಧಾರ್‌ನಲ್ಲಿ ‘ಶಾಂತಮ್ಮ’, ಲಗ್ನಪತ್ರಿಕೆಯಲ್ಲಿ ‘ಚಿ.ಸೌ. ಶಾಂತಲಾ’. ಮನೆಯಲ್ಲಿ ಎಲ್ಲರಿಗೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಕನ್ನಡದ ಹೆಸರಿನ ಮುಂದಿನ ಇನಿಷಿಯಲ್ ಊರೋ ತಂದೆಯೋ ಮನೆತನವೋ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಪಾಸ್‌ಪೋರ್ಟ್ ಅರ್ಜಿ ಮಾತ್ರ ಹೆಸರು ಬೇರೆ, ಕುಲನಾಮ ಬೇರೆ ಎಂದು ಕೇಳುತ್ತದೆ. ಎರಡನ್ನೂ ಒಂದೇ ಕಡೆ ಬರೆಸಿದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರದ ಹೊಸ ನಾಮಕರಣವಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ತಾಳಗುಂದದ ಕವಿಗೂ ಇವರಿಗೂ ಈ ಒಂದು ವಿಷಯದಲ್ಲಿ ಅಂತರ ಕಡಿಮೆ.

ಪಾಸ್‌ಪೋರ್ಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅದು ಕೂಡ ಒಂದು ಕಾಲಕ್ಕೆ ಸರ್ಕಾರದ ಕೃಪೆಯಾಗಿತ್ತು, ಕೊಟ್ಟರೆ ಉಂಟು. ಹೊರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1967ರ ಏಪ್ರಿಲಿನಲ್ಲಿ ಹೇಳಿದ ಮೇಲೆಯೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಮದುವೆಯಾದವರು ಪಾಸ್‌ಪೋರ್ಟ್ ಅರ್ಜಿಯ ಜೊತೆ ವಿವಾಹ ಪತ್ರ ಕೊಡಬೇಕೆಂಬ ನಿಯಮವನ್ನು 2016ರ ಡಿಸೆಂಬರಿನಲ್ಲಿ ಕೈಬಿಡಲಾಯಿತು. ಹೀಗೆ ನಮ್ಮ ಸರ್ಕಾರ ಕೇಳುವುದನ್ನು ಬಿಟ್ಟಿತು, ಅವರ ಸರ್ಕಾರ ಬಿಟ್ಟಿಲ್ಲ. ವಿವಾಹ ಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಭಾರತ ಈ ಹೇಗ್ ಒಪ್ಪಂದ ಸೇರಿದ್ದು 2005ರಲ್ಲಿ. ಒಪ್ಪಂದದ ಹೊರಗಿರುವ ಯುಎಇಯಂಥ ದೇಶಗಳಿಗೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು.

ಗಂಡ ಕೊಲ್ಲಿ ರಾಷ್ಟ್ರದಲ್ಲಿರುವ ಮುಸ್ಲಿಂ ಹೆಣ್ಣುಮಕ್ಕಳಿಗೆ ಈ ದಾರಿ ಇನ್ನಷ್ಟು ಸುತ್ತು. ನಿಕಾಹ್‌ನಾಮಾ ಖಾಜಿಯ ಪುಸ್ತಕದಲ್ಲಿರುತ್ತದೆ, ಹೊರದೇಶಕ್ಕೆ ಬೇಕಾದದ್ದು ಸರ್ಕಾರಿ ಪತ್ರ. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ನೀಡಿತು. ಮಂಡಳಿಗೆ ಕಾನೂನಿನಲ್ಲಿ ಅಂಥ ಅಧಿಕಾರವೆಲ್ಲಿದೆ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಗಿ, 2024ರ ನವೆಂಬರಿನಲ್ಲಿ ಆದೇಶಕ್ಕೆ ತಡೆ ಬಿತ್ತು.

ಅದೇ 2024ರ ಏಪ್ರಿಲಿನಲ್ಲಿ ಇನ್ನೊಂದು ಮುಖ್ಯ ತೀರ್ಪು ಬಂದಿತ್ತು. ಕೊಟ್ಟವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್. ಮೊದಲನೆಯವರು ನಮ್ಮ ಕರ್ನಾಟಕದವರೇ. ಪೈಲಟ್‌ಗಳಾಗಿದ್ದ ಇಬ್ಬರು ಸಂಘವೊಂದರಿಂದ ಪತ್ರ ಪಡೆದು ಮದುವೆಯನ್ನು ನೋಂದಾಯಿಸಿದ್ದರು, ಶಾಸ್ತ್ರೋಕ್ತ ಮದುವೆ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ಸಂಬಂಧ ಕೆಟ್ಟಿತು. ವಿಧಿಯಿಲ್ಲದ ನೋಂದಣಿ ಮದುವೆಯಾಗದು ಎಂದಿತು ಪೀಠ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಯನ್ನು ಮಾಡುವುದು ವಿಧಿ, ನೋಂದಣಿ ಅದರ ಸಾಕ್ಷಿ ಮಾತ್ರ. ಜೊತೆಗೆ, ವೀಸಾ ಅರ್ಜಿಗೆ ಸಮಯ ಉಳಿಯಲೆಂದು ಮೊದಲು ನೋಂದಣಿ, ಆಮೇಲೆ ಮುಹೂರ್ತ ಎಂಬ ರೂಢಿ ಈಚೆಗೆ ಬೆಳೆದಿರುವುದನ್ನು ಹೆಸರಿಸಿಯೇ ಟೀಕಿಸಿತು.

ಈ ರೂಢಿ ನಮ್ಮಲ್ಲಿ ಹೊಸದಲ್ಲ. ನಿಶ್ಚಿತಾರ್ಥವಾದ ವಾರಕ್ಕೆ ರಿಜಿಸ್ಟ್ರೇಷನ್, ಹುಡುಗ ಮರಳಿ ಹೋಗಿ ಅರ್ಜಿ ಹಾಕುವುದು, ಮುಂದಿನ ರಜೆಯಲ್ಲಿ ಬಂದು ಧಾರೆ, ಆ ವೇಳೆಗೆ ವೀಸಾ ಸಿದ್ಧ. ಲೆಕ್ಕಕ್ಕೆ ಅನುಕೂಲ. ಆದರೆ ನಡುವಿನ ತಿಂಗಳುಗಳಲ್ಲಿ ಮನಸ್ಸು ಮುರಿದರೆ ಆ ಹುಡುಗಿ ಯಾರು? ವಿದೇಶದ ಕಡತದಲ್ಲಿ ಹೆಂಡತಿ, ನಮ್ಮ ನ್ಯಾಯಾಲಯದ ಮುಂದೆ ಹೆಂಡತಿಯಲ್ಲ, ಊರಿನ ಬಾಯಲ್ಲಿ ‘ರಿಜಿಸ್ಟರ್ ಆಗಿ ಬಿಟ್ಟವಳು’. 1913ರ ತೀರ್ಪಿನಲ್ಲಿ ವಿಧಿ ಇತ್ತು, ಮಾನ್ಯತೆ ಇರಲಿಲ್ಲ. ಇಲ್ಲಿ ಪತ್ರ ಇದೆ, ವಿಧಿ ಇಲ್ಲ. ಕಾಯ್ದೆಯ ಕಣ್ಣಿನಲ್ಲಿ ತೀರ್ಪು ಸರಿಯೇ ಇರ‍ಬಹುದು, ಆದರೆ ಅದರ ಭಾರವನ್ನು ಹೊರುವವಳು ಯಾವಾಗಲೂ ಹೆಣ್ಣೇ ಎಂಬುದನ್ನು ಮುಹೂರ್ತಕ್ಕೆ ಮೊದಲು ಸಹಿ ಹಾಕಿಸುವ ಹಿರಿಯರು ಯೋಚಿಸಬೇಕಿತ್ತು.

ವೀಸಾ ಬಂದಿತೆನ್ನೋಣ. ಅದರ ಮೇಲೆ ಬರೆದಿರುವ ಪದ ‘ಅವಲಂಬಿತೆ’. ಅಮೆರಿಕದಲ್ಲಿ ತಾತ್ಕಾಲಿಕ ಕೆಲಸಗಾರರ ಹೆಂಡತಿ–ಮಕ್ಕಳಿಗೆ ಎಚ್–4 ಎಂಬ ವರ್ಗ ತೆರೆದದ್ದು 1970ರ ತಿದ್ದುಪಡಿ. 1990ರ ಕಾನೂನಿನಿಂದ ಎಚ್–1ಬಿ ಬಂದು, ಸಾಫ್ಟ್‌ವೇರ್ ಜೋರಾಗಿ, ಬೆಂಗಳೂರಿನ ಹುಡುಗರು ಸಾಲುಸಾಲಾಗಿ ಹೊರಟಾಗ ಅವರ ಹೆಂಡತಿಯರು ಹೋದದ್ದು ಈ ಚೀಟಿಯ ಮೇಲೆ. ಎಂಜಿನಿಯರಿಂಗ್, ಎಂ.ಎಸ್ಸಿ ಓದಿದವರಿಗೂ ಅಲ್ಲಿ ಸಂಬಳದ ಕೆಲಸ ಮಾಡುವ ಹಕ್ಕಿರಲಿಲ್ಲ. ಗ್ರೀನ್‌ಕಾರ್ಡಿನ ಸರದಿಯಲ್ಲಿ ಗಂಡ ಒಂದು ಹಂತ ಮುಟ್ಟಿದ್ದರೆ ಹೆಂಡತಿಯೂ ದುಡಿಯಬಹುದೆಂಬ ನಿಯಮ ಜಾರಿಗೆ ಬಂದದ್ದು 2015ರ ಮೇ 26ರಂದು.

ಬಂದಣಿಕೆಯ ಜಕ್ಕಿಯಬ್ಬೆ ನೆನಪಾಗುವುದು ಇಲ್ಲಿ. ಬಂದಣಿಕೆ ಅಥವಾ ಬಂದಳಿಕೆ ಶಿಕಾರಿಪುರ ತಾಲ್ಲೂಕಿನದೇ ಊರು. ರಾಷ್ಟ್ರಕೂಟರ ಆಳ್ವಿಕೆಯ 10ನೆಯ ಶತಮಾನದ ಮೊದಲ ಭಾಗದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಡಲಾಯಿತು. ಆಕೆ ಸಮರ್ಥಳಾಗಿ ಆಡಳಿತ ನಡೆಸಿ, ಕಾಯಿಲೆ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಜೈನ ವಿಧಿಯಂತೆ ಸಲ್ಲೇಖನದಿಂದ ದೇಹ ಬಿಟ್ಟಳು. ಶಾಸನ ಆಕೆಯನ್ನು ಹೆಸರು ಹಿಡಿದು ಹೊಗಳುತ್ತದೆ. ಗಂಡ ಸತ್ತಾಗ ಆಕೆಯ ಸ್ಥಾನ ಹೋಗಲಿಲ್ಲ, ಬಂತು.

2017ರ ಫೆಬ್ರುವರಿ 22ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಓಲೇಥದಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಜನಾಂಗ ದ್ವೇಷದಿಂದ ಗುಂಡಿಟ್ಟು ಕೊಂದರು. ಅವರ ಹೆಂಡತಿ ಅಲ್ಲಿ ಕೆಲಸದಲ್ಲಿದ್ದರು. ಆದರೆ ಅವರ ವಾಸದ ಹಕ್ಕು ಗಂಡನ ವೀಸಾಕ್ಕೆ ಕಟ್ಟಿದ್ದು. ಅಂತ್ಯಕ್ರಿಯೆಗೆಂದು ಭಾರತಕ್ಕೆ ಬಂದ ಆಕೆಗೆ ಮರಳಿ ಮನೆಗೆ ಹೋಗುವ ಹಕ್ಕೇ ಉಳಿದಿರಲಿಲ್ಲ. ಅಲ್ಲಿನ ಸಂಸದರೊಬ್ಬರು ಮುತುವರ್ಜಿ ವಹಿಸಿದ್ದರಿಂದ ತಾತ್ಕಾಲಿಕ ಅನುಮತಿ ಸಿಕ್ಕಿತು. ಸುದ್ದಿಯಾಗದ ಸಾವುಗಳಲ್ಲಿ ಸಂಸದರು ಬರುವುದಿಲ್ಲ.

ಸಂಗಾತಿಯ ಜೊತೆ ಬದುಕುವುದು ಸಂಬಳದ ಲೆಕ್ಕವೂ ಹೌದು. ಬ್ರಿಟನ್ನಿನಲ್ಲಿ ನೆಲೆಸಿದವರು ಸಂಗಾತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 18,600 ಪೌಂಡ್ ದುಡಿಯಬೇಕೆಂದು 2012ರಲ್ಲಿ ಗೊತ್ತುಮಾಡಿದರು, 2024ರ ಏಪ್ರಿಲಿನಲ್ಲಿ ಅದು 29,000 ಆಯಿತು. ಅದೇ ವರ್ಷ ಮೊದಲೇ, ಸಂಶೋಧನೆಗಲ್ಲದೆ ಬೇರೆ ಕೋರ್ಸಿಗೆ ಹೋಗುವ ವಿದ್ಯಾರ್ಥಿಗಳು ಸಂಸಾರ ಕರೆದೊಯ್ಯುವುದು ಜನವರಿಯಿಂದ ನಿಂತಿತ್ತು, ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರಿಗೆ ಮಾರ್ಚ್‌ನಿಂದ. ಯುಎಇಯಲ್ಲಿ 2019ರ ನಿಯಮದಂತೆ ಹೆಂಡತಿಯನ್ನು ಕರೆಸಲು ತಿಂಗಳಿಗೆ 4,000 ದಿರ್‌ಹಂ, ವಸತಿ ಕೊಟ್ಟಿದ್ದರೆ 3,000 ಸಂಬಳ ಬೇಕು. ಅದಕ್ಕಿಂತ ಕಡಿಮೆ ದುಡಿಯುವ ಚಾಲಕ, ಗಾರೆಯವನ ಸಂಸಾರ ಊರಿನಲ್ಲೇ, ಫೋನಿನಲ್ಲೇ. ಜರ್ಮನಿ 2007ರಿಂದ ಸಂಗಾತಿಗೆ ಜರ್ಮನ್ ಭಾಷೆಯ ಪ್ರಾಥಮಿಕ ಪರೀಕ್ಷೆ ಇಟ್ಟಿತು, ಆದರೆ ಬ್ಲೂಕಾರ್ಡ್ ಹಿಡಿದ ಹೆಚ್ಚು ಸಂಬಳದವರ ಸಂಗಾತಿಗಳಿಗೆ ಅದರಿಂದ ವಿನಾಯಿತಿ. ಸಂಬಳ ಹೆಚ್ಚಿದ್ದರೆ ಭಾಷೆ ಬಾರದಿದ್ದರೂ ನಡೆಯುತ್ತದೆ!

ಹೈದರಾಬಾದ್ ಬಳಿಯ ಚಿಲ್ಕೂರಿನ ಬಾಲಾಜಿಗೆ ‘ವೀಸಾ ಬಾಲಾಜಿ’ ಎಂದೇ ಹೆಸರು ಬಿದ್ದಿದೆ. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಆ ಬಿರುದು ಬಂದಿಲ್ಲ. ಹಾಗೆ ನೋಡಿದರೆ ಹಕ್ಕು ಹೆಚ್ಚಿರುವುದು ಆತನಿಗೇ. ಆತ ಆಂಜನೇಯ. ಸಮುದ್ರ ದಾಟಿ, ಗಂಡನ ಉಂಗುರವನ್ನು ಹೆಂಡತಿಗೆ ಗುರುತು ತೋರಿಸಿ, ಅವಳ ಚೂಡಾಮಣಿಯನ್ನು ಗಂಡನಿಗೆ ಸಾಕ್ಷಿಯಾಗಿ ತಂದವನು.

ಈಗ ಉಂಗುರ ಸಾಲದು. ಆಸ್ಟ್ರೇಲಿಯದ 1994ರ ವಲಸೆ ನಿಯಮಗಳು ದಂಪತಿಯ ಸಂಬಂಧವನ್ನು ನಾಲ್ಕು ಬಗೆಯಲ್ಲಿ ಪರಿಶೀಲಿಸುತ್ತವೆ. ಹಣದ ವ್ಯವಹಾರ ಜಂಟಿಯೇ, ಮನೆಗೆಲಸ ಹಂಚಿಕೊಳ್ಳುತ್ತಾರೆಯೇ, ನಾಲ್ಕು ಜನ ಅವರನ್ನು ದಂಪತಿಯೆಂದು ಬಲ್ಲರೇ, ಮುಂದೆಯೂ ಕೂಡಿ ಬಾಳುವ ಮನಸ್ಸಿದೆಯೇ. ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಫೋಟೊಗಳು, ಬಲ್ಲವರ ಹೇಳಿಕೆ ಎಲ್ಲ ಸೇರಿಸಬೇಕು. 2024ರ ಜುಲೈನಲ್ಲಿ ಅರ್ಜಿ ಶುಲ್ಕ 9,095 ಆಸ್ಟ್ರೇಲಿಯನ್ ಡಾಲರಾಯಿತು, ಸುಮಾರು ಐದು ಲಕ್ಷ ರೂಪಾಯಿ. ಅರ್ಜಿ ತಿರಸ್ಕಾರವಾದರೆ ಅದು ಮರಳಿ ಬರುವುದಿಲ್ಲ. ನಮ್ಮ ಕೂಡುಕುಟುಂಬದಲ್ಲಿ ಹಣವೆಲ್ಲ ಅಪ್ಪಯ್ಯನ ಖಾತೆಯಲ್ಲಿ, ಮನೆಗೆಲಸವೆಲ್ಲ ಅತ್ತೆ–ಸೊಸೆಯರಲ್ಲಿ. ಆ ಎರಡು ಅಂಕಣಗಳಲ್ಲಿ ಬರೆಯುವುದೇನು? ನಮ್ಮದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಆಡಂಬರವಿಲ್ಲ, ಜನ ಕೆಲವರೇ. ಅವರ ಮಗ ತೇಜಸ್ವಿ ಮದುವೆ 1966ರಲ್ಲಿ ಆದದ್ದು ಹಾಗೆಯೇ. ಇಂದು ಅದೇ ರೀತಿ ಮದುವೆಯಾದ ಹುಡುಗ–ಹುಡುಗಿ ವೀಸಾ ಅರ್ಜಿಗೆ ಕೂತರೆ ಸಾವಿರ ಜನರ ಛತ್ರದ ಮದುವೆಯಷ್ಟು ಫೋಟೊಗಳು ಅವರ ಬಳಿ ಇರುವುದಿಲ್ಲ.

ಕಾಗದದ ಅನುಮಾನ ಒಂದು ದಿಕ್ಕಿಗೆ ಮಾತ್ರ ಹರಿಯುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ. ಹೆಂಡತಿ ನಿಜವೇ ಎಂದು ಅವರು ನೂರು ಸಲ ಕೇಳುತ್ತಾರೆ, ಅಲ್ಲಿರುವ ಗಂಡ ನಿಜವೇ ಎಂದು ಇಲ್ಲಿಂದ ಕೇಳುವವರಿಲ್ಲ. ರಜೆಯಲ್ಲಿ ಬಂದು ಮದುವೆಯಾಗಿ, ವೀಸಾ ಕಳಿಸುತ್ತೇನೆಂದು ಹೋದವನು ಮತ್ತೆ ಸುದ್ದಿಯೇ ಇಲ್ಲದ ಪ್ರಕರಣಗಳು ಹೆಚ್ಚಿ, ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಇದಕ್ಕೆಂದೇ ಅನಿವಾಸಿ ಘಟಕ ತೆರೆಯಬೇಕಾಯಿತು. ಅನಿವಾಸಿ ಭಾರತೀಯರು ಮದುವೆಯಾದ 30 ದಿನದೊಳಗೆ ನೋಂದಾಯಿಸಬೇಕು, ಇಲ್ಲವಾದರೆ ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಬಹುದು ಎಂಬ ಮಸೂದೆಯನ್ನು 2019ರ ಫೆಬ್ರುವರಿಯಲ್ಲಿ ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಮಂಡಿಸಿದರು. ಐದು ವರ್ಷ ಕಳೆದರೂ ಅದು ಕಾನೂನಾಗಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 287ನೆಯ ವರದಿಯಲ್ಲಿ, ಆ ಮಸೂದೆಗಿಂತ ವಿಸ್ತಾರವಾದ ಕಾನೂನು ಬೇಕು, ಗಂಡ–ಹೆಂಡತಿಯ ಪಾಸ್‌ಪೋರ್ಟುಗಳನ್ನು ಒಂದಕ್ಕೊಂದು ಜೋಡಿಸಿ ಇಬ್ಬರದರಲ್ಲೂ ವಿವಾಹ ನೋಂದಣಿ ಸಂಖ್ಯೆ ನಮೂದಿಸಬೇಕು ಎಂದು ಶಿಫಾರಸು ಮಾಡಿತು.